ಸೂಡಿಯ ಅವಶೇಷಗಳೂ ಲಕ್ಕುಂಡಿಯ ಸಂಗ್ರಹಾಲಯವೂ

ಹಳೆಯ ಊರಿನ ಅವಶೇಷಗಳನ್ನು ನೋಡಿ ಬಂದವರು ಬರೆಯುವ ಲೇಖನಗಳು ಕನ್ನಡದ ಮಾಸಪತ್ರಿಕೆಗಳಿಗೆ ಹೊಸವಲ್ಲ. ಅವುಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ತೋರುವುವು. ಮೊದಲು ದಾರಿಯ ಧೂಳಿನ ವರ್ಣನೆ, ಅನಂತರ ಕಂಬಗಳ ನುಣುಪಿನ ಪ್ರಶಂಸೆ, ನಡುವೆ ಶಿಲ್ಪಿಯ ಕೈಚಳಕಕ್ಕೆ ನಾಲ್ಕು ವಿಶೇಷಣಗಳು, ಕಡೆಯಲ್ಲಿ ಗತವೈಭವಕ್ಕೆ ಒಂದು ನಿಟ್ಟುಸಿರು. "ಇಲ್ಲಿಯ ಒಂದೊಂದು ಕಲ್ಲೂ ಒಂದೊಂದು ಕಥೆ ಹೇಳುತ್ತದೆ" ಎಂಬ ವಾಕ್ಯವು ಇಂತಹ ಲೇಖನದಲ್ಲಿ ಒಮ್ಮೆಯಾದರೂ ಬಾರದೆ ಇರದು. ಈ ವಾಕ್ಯವು ಕಿವಿಗೆ ಇಂಪಾಗಿರುವುದೇನೋ ನಿಜ. ಆದರೆ ಅರ್ಥದ ದೃಷ್ಟಿಯಿಂದ ವಿಚಾರಿಸಿದರೆ ಇದು ಓದುಗನನ್ನು ವಂಚಿಸುವ ವಾಕ್ಯ. ಕಲ್ಲು ತಾನಾಗಿಯೇ ಕಥೆ ಹೇಳುವುದಾಗಿದ್ದರೆ, ಅದರ ನೆರಳಿನಲ್ಲಿಯೇ ಹುಟ್ಟಿ ಬೆಳೆದು, ಅದರ ಮೇಲೆಯೇ ಬಟ್ಟೆ ಒಗೆದು, ಅದಕ್ಕೆ ಎತ್ತು ಕಟ್ಟಿದ ಜನರು ಆ ಕಥೆಯನ್ನು ಎಂದೋ ಕೇಳಿರಬೇಕಾಗಿತ್ತು.

ಕಲ್ಲು ಯಾವಾಗ ಮಾತನಾಡುತ್ತದೆ, ಯಾವಾಗ ಮೂಕವಾಗುತ್ತದೆ ಎಂಬುದನ್ನು ಪರೀಕ್ಷಿಸುವುದಕ್ಕೆ ಗದಗ ಜಿಲ್ಲೆಯಲ್ಲಿಯೇ ಎರಡು ತಕ್ಕ ಸ್ಥಳಗಳುಂಟು. ಒಂದು, ಹಿಂದೆ ರೋಣ ತಾಲೂಕಿನಲ್ಲಿದ್ದು ಈಗ ಗಜೇಂದ್ರಗಡ ತಾಲೂಕಿಗೆ ಸೇರಿರುವ ಸೂಡಿ. ಇನ್ನೊಂದು, ಗದಗಿಗೆ ಸಮೀಪದಲ್ಲಿರುವ ಲಕ್ಕುಂಡಿ. ಎರಡೂ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಪಟ್ಟಣಗಳಾಗಿ ಮೆರೆದವು. ಎರಡರಲ್ಲಿಯೂ ಆ ಅರಸರ ಟಂಕಸಾಲೆಗಳಿದ್ದವು. ಎರಡೂ ಈಗ ಹಳ್ಳಿಗಳಾಗಿ ಉಳಿದಿವೆ. ಭೇದವಿರುವುದು ಇಷ್ಟರಲ್ಲಿ: ಸೂಡಿಯಲ್ಲಿ ನೋಡತಕ್ಕುದೆಲ್ಲವೂ ಬಯಲಿನಲ್ಲಿಯೇ ಇದೆ, ಲಕ್ಕುಂಡಿಯಲ್ಲಿ ಗುಡಿಗಳ ಜೊತೆಗೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಸಂಗ್ರಹಾಲಯವೂ ಇದೆ. ಒಂದೇ ಕಾಲದ, ಒಂದೇ ಸೀಮೆಯ ಶಿಲ್ಪವು ಬಯಲಿನಲ್ಲಿ ಹೇಗೆ ಅರ್ಥವಾಗುತ್ತದೆ, ಮಾಡಿನ ಕೆಳಗೆ ಹೇಗೆ ಅರ್ಥವಾಗುತ್ತದೆ ಎಂಬ ವಿವೇಚನೆಗೆ ಇದಕ್ಕಿಂತ ಒಳ್ಳೆಯ ಅವಕಾಶವು ದೊರೆಯುವುದು ಕಷ್ಟ.

ವಿವೇಚನೆಗೆ ಒಂದು ಅಳತೆಗೋಲು ಬೇಕು. ಅದನ್ನು ದೂರದಿಂದ ತರಬೇಕಾಗಿಲ್ಲ. ಪದಗಳು ಕೂಡಿ ವಾಕ್ಯಾರ್ಥವನ್ನು ಕೊಡುವುದಕ್ಕೆ ಮೂರು ಸಾಮಗ್ರಿಗಳು ಬೇಕೆಂದು ಶಾಸ್ತ್ರಜ್ಞರು ಹೇಳಿರುವರು. ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬವೇ ಆ ಮೂರು. ಒಂದು ಪದವು ತನ್ನ ಅರ್ಥವನ್ನು ಪೂರ್ಣಮಾಡಿಕೊಳ್ಳಲು ಇನ್ನೊಂದು ಪದವನ್ನು ಬಯಸುವುದು ಆಕಾಂಕ್ಷೆ. "ಗಿಂಡಿ, ಎತ್ತು, ಬಾಗಿಲು, ಮಳೆ" ಎಂದು ಒಂದರ ಹಿಂದೊಂದಾಗಿ ನುಡಿದರೆ ಪದಗಳಾದವೇ ಹೊರತು ವಾಕ್ಯವಾಗಲಿಲ್ಲ. ಅವುಗಳಿಗೆ ಪರಸ್ಪರ ಬಯಕೆಯಿಲ್ಲ. ಒಂದರ ಅರ್ಥವು ಇನ್ನೊಂದರ ಅರ್ಥದೊಡನೆ ಬಾಧೆಯಿಲ್ಲದೆ ಹೊಂದುವುದು ಯೋಗ್ಯತೆ. "ತೋಟಕ್ಕೆ ಬೆಂಕಿಯನ್ನು ಹಾಯಿಸಿ ತಂಪು ಮಾಡು" ಎಂದರೆ ಪದಗಳು ಒಂದನ್ನೊಂದು ಬಯಸಿದರೂ ಅರ್ಥವು ಕೂಡುವುದಿಲ್ಲ. ಪದಗಳು ತಡವಿಲ್ಲದೆ ಒಂದರ ಬಳಿ ಒಂದು ಇರುವುದು ಸನ್ನಿಧಿ. ಬೆಳಗಿನಲ್ಲಿ "ಆಕಳನ್ನು" ಎಂದು ಹೇಳಿ, ಸಂಜೆಗೆ "ಕಟ್ಟು" ಎಂದರೆ ಕೇಳಿದವನು ಏನನ್ನು ಕಟ್ಟಬೇಕೆಂದು ತಿಳಿಯದೆ ಬಾಯಿ ತೆರೆದುಕೊಂಡು ನಿಲ್ಲುವನು. ಊರೆಂಬುದು ಒಂದು ವಾಕ್ಯ. ಅದರ ಗುಡಿ, ಕೆರೆ, ಕೋಟೆ, ಬೀದಿ, ಶಾಸನ, ವೀರಗಲ್ಲುಗಳು ಪದಗಳು. ಹೀಗೆ ಭಾವಿಸಿಕೊಂಡು ಈ ಎರಡು ಸ್ಥಳಗಳನ್ನು ನೋಡಿದರೆ, ಯಾವುದರಲ್ಲಿ ಯಾವ ಸಾಮಗ್ರಿಯು ಲೋಪವಾಗಿದೆಯೆಂಬುದು ತಾನಾಗಿಯೇ ಹೊಳೆಯುವುದು.

ಮೊದಲು ಸೂಡಿಯನ್ನು ನೋಡೋಣ. ಜೋಳವೂ ಕಡಲೆಯೂ ಬೆಳೆಯುವ ಎರೆಭೂಮಿಯ ನಡುವೆ ಈ ಊರಿದೆ. ಕನ್ನಡದ ತಿರುಳಿರುವ ನಾಡು ಯಾವುದೆಂದು ಹೇಳುವಾಗ ಕವಿರಾಜಮಾರ್ಗಕಾರನು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂಬ ನಾಲ್ಕು ಊರುಗಳನ್ನು ಎಲ್ಲೆಯಾಗಿ ಹೆಸರಿಸಿರುವನು. ಕಿಸುವೊಳಲೆಂದರೆ ಇಂದಿನ ಪಟ್ಟದಕಲ್ಲು, ಕೊಪಣವೆಂದರೆ ಕೊಪ್ಪಳ, ಪುಲಿಗೆರೆಯೆಂದರೆ ಲಕ್ಷ್ಮೇಶ್ವರ. ಈ ಎಲ್ಲೆಯೊಳಗಣ ಸೀಮೆಯಲ್ಲಿಯೇ ರೋಣ, ನರಗುಂದ, ಗಜೇಂದ್ರಗಡಗಳ ಪ್ರದೇಶವು ಬರುತ್ತದೆ. ಕಿಸುವೊಳಲ ಸುತ್ತಣ ಎಪ್ಪತ್ತು ಊರುಗಳ ಆಡಳಿತ ವಿಭಾಗಕ್ಕೆ ಕಿಸುಕಾಡು ಎಪ್ಪತ್ತು ಎಂದು ಹೆಸರಿದ್ದಿತು. ಶಾಸನಗಳಲ್ಲಿ ಸೂಂಡಿಯೆಂದು ಕರೆಯಲ್ಪಟ್ಟಿರುವ ಸೂಡಿಯು ಆ ವಿಭಾಗದ ಮುಖ್ಯ ಪಟ್ಟಣಗಳಲ್ಲಿ ಒಂದು.

ಇಂದು ಅಲ್ಲಿಗೆ ಹೋದವನ ಕಣ್ಣಿಗೆ ಬೀಳುವುದು ಮೊದಲು ಜೋಡುಕಳಸದ ಗುಡಿ. ಎರಡು ಗರ್ಭಗೃಹಗಳು, ಎರಡಕ್ಕೂ ಶಿಖರ. ಆದುದರಿಂದಲೇ ಆ ಹೆಸರು. ಒಂದನೆಯ ಸೋಮೇಶ್ವರನ (1042-1068) ಆಳಿಕೆಯಲ್ಲಿ ದಂಡನಾಯಕ ನಾಗದೇವನು ಇದನ್ನು ಕಟ್ಟಿಸಿದನು. ಇವನನ್ನು ಅತ್ತಿಮಬ್ಬೆಯ ಪತಿಯಾದ ನಾಗದೇವನೆಂದು ಭ್ರಮಿಸಬಾರದು. ಆತನು ಇದಕ್ಕೆ ಬಹಳ ಮೊದಲೇ ತೀರಿಕೊಂಡಿದ್ದನು. ಗುಡಿಯಿಂದ ಮುಂದೆ ಕಲ್ಲಿನಲ್ಲಿ ಕಟ್ಟಿದ ನಾಗಕುಂಡ, ಮಲ್ಲಿಕಾರ್ಜುನನ ಗುಡಿ, ದೊಡ್ಡದೊಂದು ಗಣಪತಿಯ ವಿಗ್ರಹ, ಊರ ಕಾವಲಿನ ಹುಡೇವು, ಇವಿಷ್ಟು ನೋಡತಕ್ಕವು. ಎಲ್ಲವನ್ನೂ ಒಂದು ಹೊತ್ತಿನಲ್ಲಿ ನೋಡಿ ಮುಗಿಸಬಹುದು. ಮುಗಿಸಿದವನು "ಚೆನ್ನಾಗಿದೆ" ಎನ್ನುವನು, ಛಾಯಾಚಿತ್ರಗಳನ್ನು ತೆಗೆದುಕೊಳ್ಳುವನು, ಬಾದಾಮಿಗೋ ಗದಗಿಗೋ ಹೊರಟುಹೋಗುವನು. ಅವನು ನೋಡಿದ್ದು ಗುಡಿ, ಕುಂಡ, ವಿಗ್ರಹ. ಅವನು ನೋಡದೆ ಹೋದದ್ದು ಊರು.

ಇಲ್ಲಿ ಸನ್ನಿಧಿಯಿಲ್ಲವೆಂದು ಹೇಳುವಂತಿಲ್ಲ. ಗುಡಿಯ ಬಳಿಯಲ್ಲಿ ಕುಂಡವಿದೆ, ಕುಂಡವಿರುವುದು ಊರಿನಲ್ಲಿ, ಊರ ಸುತ್ತಲೂ ಅಂದಿನ ಎರೆಯೇ ಇಂದಿಗೂ ಇದೆ. ಯೋಗ್ಯತೆಗೂ ಕೊರತೆಯಿಲ್ಲ. ಲೋಪವಾಗಿರುವುದು ಆಕಾಂಕ್ಷೆ. ಗುಡಿಯನ್ನು ನೋಡಿದವನಿಗೆ, ಇಷ್ಟು ದೊಡ್ಡ ಗುಡಿಯನ್ನು ಸಾಕಿದವರು ಯಾರು, ಅವರ ಮನೆಗಳೆಲ್ಲಿ, ಅವರ ದುಡಿಮೆಯೇನು, ಅವರ ಕಟ್ಟಳೆಯೇನು ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ. ಪದವು ಕಿವಿಗೆ ಬಿದ್ದಿತು. ಅದು ಇನ್ನೊಂದು ಪದವನ್ನು ಬಯಸುತ್ತಿದೆಯೆಂಬುದೇ ತಿಳಿಯಲಿಲ್ಲ.

ಆ ಬಯಕೆಯನ್ನು ಹುಟ್ಟಿಸುವ ಶಕ್ತಿಯಿರುವುದು ಸೂಡಿಯ ಶಾಸನಗಳಿಗೆ. ಅವು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ವಿದ್ವಾಂಸರಾದ ಎಲ್. ಡಿ. ಬಾರ್ನೆಟ್ಟರಿಂದ ಸಂಪಾದಿತವಾಗಿ ಎಪಿಗ್ರಾಫಿಯಾ ಇಂಡಿಕಾದ 15ನೆಯ ಸಂಪುಟದಲ್ಲಿ ಪ್ರಕಟವಾಗಿವೆ. ಅವುಗಳಲ್ಲಿ ಕ್ರಿ. ಶ. 1050ರ ಸುಮಾರಿನ ಒಂದು ಶಾಸನವು ವಿಶೇಷ ಗಮನಕ್ಕೆ ಅರ್ಹವಾದುದು. ಅದರಲ್ಲಿ ಯುದ್ಧದ ಜಯಘೋಷಕ್ಕಿಂತಲೂ, ದೇವರಿಗೆ ಬಿಟ್ಟ ಭೂಮಿಯ ಅಳತೆಗಿಂತಲೂ ಮುಖ್ಯವಾದುದು ಊರೊಂದರ ಕಟ್ಟಳೆ. ಸೂಡಿಯಲ್ಲಿ ಎಂಟು ಮಂದಿ ಸೆಟ್ಟಿಗಳೂ ಎಂಬತ್ತು ಒಕ್ಕಲುಗಳೂ ಕೂಡಿದ ಒಂದು ಸಮುದಾಯವಿದ್ದಿತು. ಚೋಳರೊಡನೆ ನಡೆದ ಯುದ್ಧಗಳ ಗೊಂದಲದಲ್ಲಿ ಅವರಿಗೆ ಹಿಂದಿನಿಂದ ನಡೆದುಬಂದಿದ್ದ ವ್ಯವಸ್ಥೆಯು ಸಡಿಲಾಗಿದ್ದಿತು. ಅದನ್ನು ಮರಳಿ ಸ್ಥಾಪಿಸಿಕೊಟ್ಟವಳು ಆಗ ಕಿಸುಕಾಡನ್ನು ಆಳುತ್ತಿದ್ದ ಅಕ್ಕಾದೇವಿ. ಐದನೆಯ ವಿಕ್ರಮಾದಿತ್ಯ, ಎರಡನೆಯ ಜಯಸಿಂಹ ಇವರ ಸಹೋದರಿ, ಸೋಮೇಶ್ವರನಿಗೆ ಸೋದರತ್ತೆ.

ಅಕ್ಕಾದೇವಿಯನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಆಕೆಯು ರಣರಂಗದಲ್ಲಿ ಭೈರವಿಯಂತಿದ್ದಳೆಂಬುದನ್ನೂ, 1047ರಲ್ಲಿ ಗೋಕಾಗೆಯ, ಎಂದರೆ ಇಂದಿನ ಗೋಕಾಕದ, ಕೋಟೆಯನ್ನು ಮುತ್ತಿದಳೆಂಬುದನ್ನೂ ಹೇಳಿ ರೋಮಾಂಚಗೊಳ್ಳುವರು. ಅದು ತಪ್ಪಲ್ಲ. ಆದರೆ ಕೋಟೆಯನ್ನು ಮುತ್ತಿದ ಅರಸುಗಳು ಚರಿತ್ರೆಯಲ್ಲಿ ಬೇಕಾದಷ್ಟಿರುವರು. ಯುದ್ಧದಲ್ಲಿ ಮುರಿದ ಊರಿನ ಮಾತನ್ನು ಮೂರು ನಾಲ್ಕು ವರ್ಷಗಳಲ್ಲಿಯೇ ಮತ್ತೆ ಕೂಡಿಸಿ ಕಲ್ಲಿನಲ್ಲಿ ಬರೆಯಿಸಿದವರು ವಿರಳ. ಶಾಸನಗಳು ಆಕೆಗೆ ಕೊಡುವ ಬಿರುದುಗಳಲ್ಲಿ 'ಗುಣದ ಬೆಡಂಗಿ' ಎಂಬುದು ಎಲ್ಲರಿಗೂ ಪರಿಚಿತ. ಇನ್ನೊಂದು ಬಿರುದು 'ಏಕವಾಕ್ಯೆ'. ಆಡಿದ ಮಾತು ಒಂದೇ, ಅದಕ್ಕೆ ಎರಡಿಲ್ಲವೆಂಬುದು ಅದರ ಅರ್ಥ. ಸೂಡಿಯ ಕಟ್ಟಳೆಯನ್ನು ಓದಿದಮೇಲೆ ಈ ಬಿರುದು ಬರಿಯ ಹೊಗಳಿಕೆಯೆಂದು ತೋರುವುದಿಲ್ಲ. ಎಂಟು ಸೆಟ್ಟಿಗಳಿಗೂ ಎಂಬತ್ತು ಒಕ್ಕಲುಗಳಿಗೂ ಹಿಂದೆ ಕೊಟ್ಟ ಮಾತು ಯುದ್ಧ ಬಂದಿತೆಂದು ಸುಳ್ಳಾಗಲಿಲ್ಲ ಎಂಬುದೇ ಆ ಬಿರುದಿಗೆ ಪ್ರಮಾಣ.

ಈ ಒಂದು ಶಾಸನವನ್ನು ತಿಳಿದು ಊರನ್ನು ಹೊಕ್ಕವನಿಗೆ ಸೂಡಿಯು ಬೇರೆಯಾಗಿ ಕಾಣುವುದು. ಗುಡಿಯನ್ನು ನೋಡಿದೊಡನೆ ಸೆಟ್ಟಿಗಳ ನೆನಪಾಗುವುದು. ಸೆಟ್ಟಿಗಳ ನೆನಪಿನಿಂದ ಟಂಕಸಾಲೆಯ ನೆನಪು. ಟಂಕಸಾಲೆಯಿಂದ ಅಲ್ಲಿ ಅಚ್ಚಾದ ಹೊನ್ನು. ಹೊನ್ನಿನಿಂದ ಅದನ್ನು ಕಾಯುವ ಹುಡೇವು. ಹುಡೇವಿನ ಕಲ್ಲುಗಳು ಯಾವ ಶತಮಾನದವಾದರೂ ಆಗಲಿ, ಕಾವಲಿನ ಅಗತ್ಯವು ಏಕೆಂಬುದು ತಿಳಿಯುವುದು. ಕಲ್ಲುಗಳು ಅವೇ, ಅವು ಪರಸ್ಪರ ಬಯಸತೊಡಗಿದವು. ಕಥೆ ಹೇಳಿದ್ದು ಕಲ್ಲಲ್ಲ, ಕಲ್ಲಿನ ಮೇಲಣ ಬರಹ. ಆ ಬರಹವು ದೊರೆತಮೇಲೆ ಬರಹವಿಲ್ಲದ ಕಲ್ಲುಗಳಿಗೂ ಬಾಯಿ ಬಂದಿತು. ಪ್ರವಾಸಲೇಖಕರು ಶಿಲ್ಪವನ್ನು ಮೊದಲು ವರ್ಣಿಸಿ, "ಇಲ್ಲಿ ಕೆಲವು ಶಾಸನಗಳೂ ಇವೆ" ಎಂದು ಕಡೆಯಲ್ಲಿ ಒಂದು ಸಾಲು ಸೇರಿಸುವ ಕ್ರಮವು ತಿರುಗುಮುರುಗಾದುದೆಂಬುದು ಇದರಿಂದ ಸ್ಪಷ್ಟವಾಗುವುದು.

ಈ ಸೀಮೆಯಲ್ಲಿಯೇ ಇರುವ ನರಗುಂದವನ್ನು ಹೋಲಿಸಿ ನೋಡಬಹುದು. ನರಗುಂದದ ಗುಡ್ಡವನ್ನು ನೋಡಲು ಹೋದವನಿಗೆ ಶಾಸನವು ಬೇಕಾಗಿಲ್ಲ. 1858ರಲ್ಲಿ ಬಾಬಾಸಾಹೇಬನು ಇಂಗ್ಲಿಷರ ಮೇಲೆ ಬಂಡೆದ್ದ ಕಥೆಯು ಲಾವಣಿಗಳಲ್ಲಿಯೂ ನಾಟಕಗಳಲ್ಲಿಯೂ ಜನರ ಮಾತಿನಲ್ಲಿಯೂ ಉಳಿದಿದೆ. ಆ ಕಥೆಯನ್ನು ಕೇಳಿಯೇ ಜನರು ಗುಡ್ಡವನ್ನು ಹತ್ತುವರು. ಆದುದರಿಂದ ಅಲ್ಲಿಯ ಮುರಿದ ಗೋಡೆಯೂ ಅವರಿಗೆ ಅರ್ಥವಾಗುವುದು. ಸೂಡಿಯ ಕಟ್ಟಳೆಗೆ ಅಂತಹ ಭಾಗ್ಯವಿಲ್ಲ. ಅದು ಒಂಬೈನೂರಕ್ಕೂ ಹೆಚ್ಚು ವರ್ಷಗಳ ಹಿಂದಿನದು. ಅದರ ಲಿಪಿಯೂ ಭಾಷೆಯೂ ಇಂದಿನ ಓದುಗನಿಗೆ ಸುಲಭವಲ್ಲ. ಅದರಲ್ಲಿ ಕತ್ತಿಯ ಹೊಳಪಿಲ್ಲ. ಬಾಯಿಯಿಂದ ಬಾಯಿಗೆ ಬಂದ ಕಥೆಗೆ ವಿದ್ವಾಂಸರ ನೆರವು ಬೇಡ. ಬಾಯಿಬಿಟ್ಟುಹೋದ ಮಾತಿಗೆ ಅದು ಬೇಕೇ ಬೇಕು.

ಇನ್ನು ಲಕ್ಕುಂಡಿಯ ಮಾತು. ಲೊಕ್ಕಿಗುಂಡಿಯೆಂದು ಶಾಸನಗಳಲ್ಲಿ ಹೆಸರಾದ ಈ ಪಟ್ಟಣವನ್ನು ನೂರೊಂದು ಗುಡಿ, ನೂರೊಂದು ಬಾವಿಗಳ ಊರೆಂದು ಜನರು ಇಂದಿಗೂ ಹೇಳುವರು. ಇಲ್ಲಿಯ ಬ್ರಹ್ಮಜಿನಾಲಯವನ್ನು ಕಟ್ಟಿಸಿದವಳು ದಾನಚಿಂತಾಮಣಿಯೆಂದು ಪ್ರಸಿದ್ಧಳಾದ ಅತ್ತಿಮಬ್ಬೆ; ಅಲ್ಲಿಯ ಶಾಸನದ ಕಾಲ ಕ್ರಿ. ಶ. 1007. ರನ್ನನ ಅಜಿತಪುರಾಣಕ್ಕೆ ಆಶ್ರಯವಿತ್ತವಳೂ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಕೀರ್ತಿತಳಾದವಳೂ ಈಕೆಯೇ. ಈ ಎರಡು ಕಾರ್ಯಗಳನ್ನು ಒಟ್ಟಿಗೆ ಇಟ್ಟು ನೋಡಿದವರು ಕಡಿಮೆ. ಕಾವ್ಯವನ್ನು ಸಾವಿರ ಪ್ರತಿ ಮಾಡಿ ಸಾವಿರ ಊರಿಗೆ ಕಳುಹಿಸಬಹುದು. ಸಾವಿರನೆಯ ಪ್ರತಿಯನ್ನು ಓದಿದವನಿಗೂ ಮೊದಲನೆಯದನ್ನು ಓದಿದವನಿಗೂ ರಸಾನುಭವದಲ್ಲಿ ಭೇದವಿಲ್ಲ. ಬಸದಿಯನ್ನಾದರೋ ಒಂದು ಕಡೆಯಲ್ಲಿಯೇ ಕಟ್ಟಬೇಕು. ನೋಡಬೇಕಾದವನು ಅಲ್ಲಿಗೇ ಹೋಗಬೇಕು. ಅಕ್ಷರವು ನಡೆಯತಕ್ಕದ್ದು, ಶಿಲೆಯು ನಿಲ್ಲತಕ್ಕದ್ದು. ಎರಡನ್ನೂ ತಕ್ಕ ರೀತಿಯಲ್ಲಿ ಉಪಚರಿಸಿದವಳು ಅತ್ತಿಮಬ್ಬೆ.

ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ಬಸದಿಯ ಸಮೀಪದಲ್ಲಿಯೇ ಇರುವ ಸಂಗ್ರಹಾಲಯವನ್ನು ಹೊಗಬೇಕು. ಅಲ್ಲಿ ಮಳೆಯಿಲ್ಲ, ಬಿಸಿಲಿಲ್ಲ, ಕಳ್ಳರ ಭಯವಿಲ್ಲ. ವಿಗ್ರಹಗಳು ಪೀಠಗಳ ಮೇಲೆ ಸಾಲಾಗಿ ನಿಂತಿವೆ. ಬಯಲಿನಲ್ಲಿ ಕಾಣದೆ ಹೋಗುವ ಉಗುರಿನ ರೇಖೆ, ಹಾರದ ಮಣಿ, ಕಿರೀಟದ ಬಳ್ಳಿಗಳು ಇಲ್ಲಿ ಹತ್ತಿರದಿಂದ ಕಾಣುವುವು. ಪದಗಳ ವ್ಯಾಸಂಗಕ್ಕೆ ಸಂಗ್ರಹಾಲಯವು ನಿಘಂಟಿನಂತೆ ಉಪಕಾರಿ. ಆದರೆ ನಿಘಂಟನ್ನು ಮೊದಲಿನಿಂದ ಕೊನೆಯವರೆಗೆ ಓದಿದವನು ಕಾವ್ಯವನ್ನು ಓದಿದಂತಾಗಲಿಲ್ಲ. ಇಲ್ಲಿ ಲೋಪವಾಗಿರುವುದು ಸನ್ನಿಧಿ. ಬಾಗಿಲವಾಡದ ತುಂಡೊಂದು ಬಾಗಿಲಿಲ್ಲದೆ ನಿಂತಿರುವುದು. ಅದನ್ನು ದಾಟಿ ಒಳಗೆ ಹೋಗುವಂತಿಲ್ಲ, ಹೊರಗೆ ಬರುವಂತಿಲ್ಲ. ವೀರಗಲ್ಲುಗಳನ್ನು ಒಂದರ ಪಕ್ಕದಲ್ಲಿ ಒಂದನ್ನು ನಿಲ್ಲಿಸಿದರೆ ಎಲ್ಲದರಲ್ಲಿಯೂ ಅದೇ ಕಾಳಗ, ಅದೇ ವಿಮಾನ, ಅದೇ ಕೈಲಾಸ. ಊರ ಎಲ್ಲೆಯ ಮೇಲೆ ಒಂಟಿಯಾಗಿ ನಿಂತಿದ್ದಾಗ ಅದೇ ಕಲ್ಲು, ತುರುಗಳನ್ನು ಮರಳಿ ತರಲು ಹೋದವನೊಬ್ಬನು ಈ ದಾರಿಯಲ್ಲಿ ಮಡಿದನೆಂದು ಹೇಳುತ್ತಿದ್ದಿತು. ಸಾಲಿನಲ್ಲಿ ನಿಂತಮೇಲೆ ಅದು, ವೀರಗಲ್ಲು ಎಂಬ ಜಾತಿಯ ಶಿಲ್ಪಕ್ಕೆ ಒಂದು ಉದಾಹರಣೆಯೆಂದು ಮಾತ್ರ ಹೇಳುತ್ತದೆ. ವ್ಯಕ್ತಿಯು ಹೋಗಿ ಜಾತಿಯು ಉಳಿಯಿತು.

ಸನ್ನಿಧಿಯ ಬೆಲೆಯನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಪಕ್ಕದ ಬಸದಿಯನ್ನೇ ಹೊಗಬಹುದು. ಅಲ್ಲಿಯ ಮಂಟಪದಲ್ಲಿ ಚತುರ್ಮುಖನಾದ ಬ್ರಹ್ಮನ ವಿಗ್ರಹವಿದೆ, ಪದ್ಮಾವತಿಯ ವಿಗ್ರಹವೂ ಇದೆ. ಈ ಬ್ರಹ್ಮನನ್ನು ಎತ್ತಿಕೊಂಡು ಹೋಗಿ ಸಂಗ್ರಹಾಲಯದ ಒಂದು ಪೀಠದ ಮೇಲೆ ನಿಲ್ಲಿಸಿದರೆಂದು ಭಾವಿಸೋಣ. ನೋಡಿದವನು "ಬ್ರಹ್ಮ, ಹನ್ನೊಂದನೆಯ ಶತಮಾನ" ಎಂದು ಓದಿಕೊಂಡು ಮುಂದಿನ ವಿಗ್ರಹಕ್ಕೆ ಹೋಗುವನು. ಬಸದಿಯಲ್ಲಿ ನೋಡಿದವನಾದರೋ ಕ್ಷಣಕಾಲ ನಿಲ್ಲುವನು. ಜಿನನ ಮನೆಯಲ್ಲಿ ಬ್ರಹ್ಮನೇಕೆ? ಈತನು ವೈದಿಕರ ಬ್ರಹ್ಮನೋ, ಜೈನರ ಯಕ್ಷನೋ? ಈ ಬಸದಿಗೆ ಬ್ರಹ್ಮಜಿನಾಲಯವೆಂದು ಹೆಸರಾದುದು ಹೇಗೆ? ಪ್ರಶ್ನೆಗಳು ಹುಟ್ಟಿದುದು ವಿಗ್ರಹದಿಂದಲ್ಲ, ವಿಗ್ರಹವು ಇರುವ ಎಡೆಯಿಂದ. ಲಕ್ಕುಂಡಿಯ ಕಾಶಿವಿಶ್ವೇಶ್ವರನ ಗುಡಿಯಲ್ಲಿಯೂ ಹಾಗೆಯೇ. ಅಲ್ಲಿ ಶಿವನ ಗರ್ಭಗೃಹಕ್ಕೆ ಎದುರಾಗಿ ಸೂರ್ಯನದು ನಿಂತಿದೆ. ಎರಡರಲ್ಲಿ ಒಂದನ್ನೇ ನೋಡಿದವನು ಪ್ರಶ್ನೆಯನ್ನು ಕೇಳಿ ಉತ್ತರವನ್ನು ಕೇಳದೆ ಎದ್ದುಹೋದವನಂತೆ.

ಇಲ್ಲಿಗೆ ಒಂದು ಆಕ್ಷೇಪವು ಬರುವುದು ಸಹಜ. "ಹಾಗಾದರೆ ಸಂಗ್ರಹಾಲಯಗಳೇ ಬೇಡವೆ? ಬಯಲಿನಲ್ಲಿ ಬಿಟ್ಟ ಕಲ್ಲುಗಳು ಏನಾಗುತ್ತವೆಂದು ತಿಳಿಯದೆ?" ಎಂದು ಕೇಳಬಹುದು. ಆಕ್ಷೇಪವು ಬಲವಾದುದೇ ಸರಿ. ವಿಗ್ರಹಗಳು ಕಳುವಾಗುವುದುಂಟು, ಶಾಸನದ ಕಲ್ಲುಗಳು ಮೋರಿಗೆ ಹಾಸುಗಲ್ಲಾಗುವುದುಂಟು, ನಿಧಿಯ ಆಸೆಯಿಂದ ಗರ್ಭಗೃಹವನ್ನು ಅಗೆಯುವವರೂ ಉಂಟು. 2024ರ ನವೆಂಬರಿನಲ್ಲಿ ಲಕ್ಕುಂಡಿಯ ಮನೆಗಳು, ಹಿತ್ತಿಲುಗಳು, ಓಣಿಗಳಲ್ಲಿ ಹರಡಿದ್ದ ಅವಶೇಷಗಳನ್ನು ಹುಡುಕಿ ಕೂಡಿಸುವ ಕಾರ್ಯವು ನಡೆದಾಗ ಸಾವಿರದಷ್ಟು ವಸ್ತುಗಳು ದೊರೆತವು. ಒಂದು ಊರಿನ ಓಣಿಗಳಲ್ಲಿಯೇ ಅಷ್ಟು ದೊರೆತವೆಂದಮೇಲೆ, ಹಿಂದೆ ಎಷ್ಟು ನಷ್ಟವಾಗಿರಬಹುದೆಂಬುದನ್ನು ಊಹಿಸಬಹುದು. ಮೂಲಸ್ಥಾನದಿಂದ ಎಂದೋ ಕಿತ್ತುಬಂದು, ಗೋಡೆಯೊಂದರಲ್ಲಿ ತಲೆಕೆಳಗಾಗಿ ಸೇರಿದ್ದ ಕಲ್ಲಿಗೆ ಸನ್ನಿಧಿಯು ಆಗಲೇ ತಪ್ಪಿಹೋಗಿದೆ. ಅದಕ್ಕೆ ಸಂಗ್ರಹಾಲಯವೇ ಗತಿ. ಅಂತಹ ಕಲ್ಲನ್ನು ಸಂತೋಷದಿಂದ ಕೊಟ್ಟ ಮನೆಯವರೂ, ಕೂಡಿಸಿದವರೂ ಉಪಕಾರಕ್ಕೆ ಪಾತ್ರರು.

ಆದರೆ ಎಲ್ಲ ವಸ್ತುಗಳಿಗೂ ಒಂದೇ ನ್ಯಾಯವನ್ನು ಹಚ್ಚುವುದು ವಿವೇಕವಲ್ಲ. ನಾಣ್ಯವನ್ನು ತೆಗೆದುಕೊಳ್ಳೋಣ. ಆ ಕಾಲದ ಗದ್ಯಾಣವೆಂಬ ಹೊನ್ನು 96 ಗ್ರೇನುಗಳ ತೂಕದ್ದು. ಸೂಡಿಯಲ್ಲಿ ಅಚ್ಚಾದ ಹೊನ್ನು ಸೂಡಿಯಲ್ಲಿಯೇ ಉಳಿಯಲೆಂದು ಅಚ್ಚಾದುದಲ್ಲ. ಸಂಚರಿಸುವುದೇ ಅದರ ಧರ್ಮ. ಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ ಅದನ್ನಿಟ್ಟರೆ ಅದಕ್ಕೆ ಕುಂದೇನೂ ಇಲ್ಲ. ಸೆಟ್ಟಿಯ ಸಂದುಕದಿಂದ ಇನ್ನೊಂದು ಸಂದುಕಕ್ಕೆ ಬಂದಂತಾಯಿತು. ತಾಮ್ರಪಟಕ್ಕೂ ಓಲೆಗರಿಗೂ ಇದೇ ನ್ಯಾಯ. ಬಾಗಿಲವಾಡ, ಕಂಬ, ವೀರಗಲ್ಲು, ಎಲ್ಲೆಗಲ್ಲುಗಳ ಧರ್ಮವು ಬೇರೆ. ಅವು ನಿಲ್ಲಲೆಂದೇ ಹುಟ್ಟಿದವು. ಶಿಲಾಶಾಸನವು ಈ ಎರಡು ವರ್ಗಗಳ ನಡುವಣದು. ಅದರ ಅಕ್ಷರವು ನಡೆಯತಕ್ಕದ್ದು, ಅದರ ಶಿಲೆಯು ನಿಲ್ಲತಕ್ಕದ್ದು. ಒದ್ದೆ ಕಾಗದವನ್ನು ಹಚ್ಚಿ ಮಸಿ ಬಡಿದು ಪಡಿಯಚ್ಚು ತೆಗೆದರೆ ಅಕ್ಷರವು ಮದರಾಸಿಗೂ ಹೋಗುವುದು, ಲಂಡನ್ನಿಗೂ ಹೋಗುವುದು. ಶಿಲೆಯು ಎಲ್ಲಿದ್ದಿತೋ ಅಲ್ಲಿಯೇ ಇರಬಹುದು. ಸೂಡಿಯ ಶಾಸನಗಳು ಸಂಪುಟವನ್ನು ಸೇರಿದುದು ಹೀಗೆಯೇ. ಅಪಾಯವಿಲ್ಲದ ಕಡೆಯಲ್ಲಿ ನಿಂತಿರುವ ಶಾಸನವನ್ನು ಅಕ್ಷರದ ರಕ್ಷಣೆಗಾಗಿ ಕೀಳಬೇಕೆಂಬ ವಾದಕ್ಕೆ ಆದುದರಿಂದ ಆಧಾರವಿಲ್ಲ.

ಇನ್ನು ಯೋಗ್ಯತೆಯ ಮಾತೊಂದು ಉಳಿಯಿತು. ಯೋಗ್ಯತೆಯ ಲೋಪವು ಕಲ್ಲುಗಳಲ್ಲಿರುವುದಕ್ಕಿಂತ ಹೆಚ್ಚಾಗಿ ಅವುಗಳನ್ನು ಕುರಿತ ಬರಹದಲ್ಲಿರುವುದು. ಹನ್ನೊಂದನೆಯ ಶತಮಾನದ ಗುಡಿಯನ್ನು "ಸಾವಿರಾರು ವರ್ಷಗಳ ಹಿಂದಿನ" ಗುಡಿಯೆನ್ನುವುದು, ಚಾಲುಕ್ಯರ ಕೆಲಸವನ್ನು ನೋಡಿದಲ್ಲೆಲ್ಲ ಜಕಣಾಚಾರಿಯ ಹೆಸರನ್ನು ತರುವುದು, ದಂಡನಾಯಕನೂ ಸೆಟ್ಟಿಗಳೂ ಕೂಡಿ ಸಾಕಿದ ಊರನ್ನು ಕೇವಲ ರಾಜರ ವೈಭವವೆಂದು ಹಾಡುವುದು, ಇವೆಲ್ಲವೂ ಬೆಂಕಿಯನ್ನು ಹಾಯಿಸಿ ತೋಟವನ್ನು ತಂಪು ಮಾಡುವ ಮಾತುಗಳೇ. ಹೊಗಳಿಕೆಯು ಹೆಚ್ಚಾದಷ್ಟೂ ಅರ್ಥವು ಕಡಿಮೆಯಾಗುವುದು. ರೋಣದ ಗುಡಿಗಳಿಗೆ ಒಂದು ವಿಶೇಷಣ, ನರೇಗಲ್ಲಿನ ರಾಷ್ಟ್ರಕೂಟರ ಕಾಲದ ಗುಡಿಗೆ ಅದೇ ವಿಶೇಷಣ, ಸೂಡಿಗೆ ಅದೇ, ಲಕ್ಕುಂಡಿಗೂ ಅದೇ ಆದರೆ, ಓದುಗನು ನಾಲ್ಕು ಊರುಗಳನ್ನು ಏಕೆ ನೋಡಬೇಕು? ಒಂದು ಊರನ್ನು ಇನ್ನೊಂದರಿಂದ ಬೇರ್ಪಡಿಸಿ ತೋರಿಸಲಾರದ ವರ್ಣನೆಯು ವರ್ಣನೆಯೇ ಅಲ್ಲ.

ಹಾಗಾದರೆ ಆಗಬೇಕಾದುದೇನು? ದೊಡ್ಡ ಧನವ್ಯಯದ ಕಾರ್ಯಗಳನ್ನು ಬದಿಗಿಟ್ಟು, ಸುಲಭಸಾಧ್ಯವಾದ ಮೂರನ್ನು ಹೇಳಬಹುದು. ಮೊದಲನೆಯದು, ಸಂಗ್ರಹಾಲಯದ ಪ್ರತಿಯೊಂದು ಕಲ್ಲಿನ ಕೆಳಗೂ ಅದರ ಹೆಸರು ಮತ್ತು ಶತಮಾನಗಳ ಜೊತೆಗೆ, ಅದು ಯಾವ ಊರಿನ ಯಾವ ಎಡೆಯಲ್ಲಿ ದೊರೆಯಿತು, ಯಾವ ದಿಕ್ಕಿಗೆ ಮುಖವಾಗಿದ್ದಿತು ಎಂಬುದನ್ನು ಬರೆಯಬೇಕು. ಕಲ್ಲು ಮನೆಯ ಗೋಡೆಯಲ್ಲಿ ದೊರೆತುದಾದರೆ ಅದನ್ನೂ ಮರೆಮಾಚದೆ ಬರೆಯಬೇಕು. ಅದೂ ಆ ಕಲ್ಲಿನ ಚರಿತ್ರೆಯ ಒಂದು ಅಧ್ಯಾಯವೇ. ಕಳೆದುಹೋದ ಸನ್ನಿಧಿಯನ್ನು ಹೀಗೆ ಅಕ್ಷರದಿಂದಲಾದರೂ ತುಂಬಬಹುದು. ಎರಡನೆಯದು, ಸೂಡಿಯಂತಹ ಊರುಗಳ ಶಾಸನಗಳ ತಾತ್ಪರ್ಯವನ್ನು ಇಂದಿನ ತಿಳಿಗನ್ನಡದಲ್ಲಿ ಊರ ಬಾಗಿಲಿನಲ್ಲಿಯೇ ಓದಲು ಸಿಗುವಂತೆ ಮಾಡಬೇಕು. ರಾಜನ ಹೆಸರೂ ಆಳಿದ ವರ್ಷಗಳೂ ಇದ್ದರೆ ಸಾಲದು. ಎಂಟು ಸೆಟ್ಟಿಗಳೂ ಎಂಬತ್ತು ಒಕ್ಕಲುಗಳೂ ಅದರಲ್ಲಿ ಬರಬೇಕು. ಮೂರನೆಯದು, ರೋಣ, ನರಗುಂದ, ಗಜೇಂದ್ರಗಡಗಳ ಶಾಲೆಗಳು ಮಕ್ಕಳನ್ನು ವಿಹಾರಕ್ಕೆ ಕರೆದೊಯ್ಯುವಾಗ ಮೊದಲು ಒಂದು ಶಾಸನವನ್ನು ಓದಿಸಿ ಆಮೇಲೆ ಗುಡಿಯನ್ನು ತೋರಿಸಬೇಕು. ಪ್ರಶ್ನೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಹೋದ ಹುಡುಗನು ನೋಡುವುದಕ್ಕೂ, ಬರಿಗೈಯಲ್ಲಿ ಹೋದವನು ನೋಡುವುದಕ್ಕೂ ಬಹಳ ಅಂತರವುಂಟು.

ಈ ಕೆಲಸಕ್ಕೆ ಅವಸರವಿದೆಯೆಂಬುದನ್ನು ಮರೆಯಲಾಗದು. ಸೂಡಿಯ ಗುಡಿಗಳು ಇನ್ನೂ ಬಹುಕಾಲ ನಿಲ್ಲಬಹುದು. ಕಲ್ಲಿಗೆ ಆಯುಸ್ಸು ಹೆಚ್ಚು. ಊರಿನ ಹೊಲಗಳ ಹೆಸರು, ಓಣಿಗಳ ಹೆಸರು, ಇಂತಹ ಕಲ್ಲು ಇಂತಹ ಬಾವಿಯ ಬಳಿಯಲ್ಲಿದ್ದಿತೆಂಬ ನೆನಪು, ಇವುಗಳಿಗೆ ಆಯುಸ್ಸು ಕಡಿಮೆ. ಅವುಗಳನ್ನು ಬಲ್ಲ ಮುದುಕರು ಹೋದಮೇಲೆ ಯಾವ ಇಲಾಖೆಯೂ ಅವನ್ನು ಅಗೆದು ತೆಗೆಯಲಾರದು. ಶಾಸನದಲ್ಲಿ ಬಂದ ಊರ ಎಲ್ಲೆಗಳನ್ನು ಇಂದಿನ ನೆಲದ ಮೇಲೆ ಗುರುತಿಸುವುದಕ್ಕೆ ಆ ನೆನಪೇ ಕೈದೀಪ.

ಸೂಡಿಯ ಎಂಬತ್ತು ಒಕ್ಕಲುಗಳು ಮಣ್ಣಿನ ಮನೆಗಳಲ್ಲಿ ಇದ್ದಿರಬೇಕು. ಆ ಮನೆಗಳಲ್ಲಿ ಒಂದರ ಗೋಡೆಯೂ ಇಂದು ನಿಂತಿಲ್ಲ. ಯಾವ ಸಂಗ್ರಹಾಲಯದ ಪೀಠದ ಮೇಲೂ ಅವುಗಳ ಗುರುತಿಲ್ಲ. ಅವರು ಇದ್ದರೆಂಬುದಕ್ಕೂ, ಅವರಿಗೊಂದು ಮಾತು ಕೊಡಲಾಗಿದ್ದಿತೆಂಬುದಕ್ಕೂ, ಯುದ್ಧದಲ್ಲಿ ಆ ಮಾತು ಸಡಿಲಾದಾಗ ಅದನ್ನು ಮತ್ತೆ ಬಿಗಿದು ಕಟ್ಟಿದವಳೊಬ್ಬಳು ಇದ್ದಳೆಂಬುದಕ್ಕೂ ಉಳಿದಿರುವ ಸಾಕ್ಷಿ ಕೆಲವು ಸಾಲು ಬರಹ ಮಾತ್ರ. ಜೋಡುಕಳಸದ ಗುಡಿಯನ್ನು ನೋಡಲು ಹೋಗುವವರು ಅದನ್ನು ಮೊದಲು ಓದಿಕೊಂಡು ಹೋಗಲಿ.